ಎಡಗೈಯ ಒಂದು ಸಾಲು

"ಬಿಡಮ್ಮ, ನಾನೇ ಟೈಪ್ ಮಾಡ್ತೀನಿ" ಎಂದು ಮ್ಯಾನೇಜರ್ ಕೀಬೋರ್ಡಿಗೆ ಕೈ ಚಾಚಿದರು. ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಪ್ರೋಗ್ರಾಮರ್ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು. ಎಂಟು ವೈದ್ಯರ ವಿವರ ತೋರಿಸಬೇಕಿದ್ದ ಆಸ್ಪತ್ರೆಯೊಂದರ ವೆಬ್‌ಪುಟ ಸಂಜೆಯೊಳಗೆ ಮುಗಿಯದಿದ್ದರೆ ಆ ಕೆಲಸ ಬೇರೆಯವರ ಪಾಲಾಗುವುದರಲ್ಲಿತ್ತು.

"ಒಂದು ನಿಮಿಷ ಸರ್. ಮನೇಲಿ ಕೂತು ಒಂದು ಉಪಾಯ ಮಾಡ್ಕೊಂಡಿದೀನಿ."

ಎಡಗೈಯಲ್ಲಿ ಚುಟುಕು ಸಂಕೇತಗಳ ಒಂದೇ ಸಾಲು ಬರೆದಳು: ಪಟ್ಟಿ, ಚುಕ್ಕಿಯಿಟ್ಟು ಅದಕ್ಕೊಂದು ಹೆಸರು, ಬಾಣದ ಗುರುತು, ಒಳಗೆ ವೈದ್ಯರಿಗೊಂದರಂತೆ ಎಂಟು ಚೌಕ. ಅವಳೇ ಕಟ್ಟಿದ್ದ ಪುಟ್ಟ ಪ್ರೋಗ್ರಾಂ ಆ ಸಾಲನ್ನು ಓದಿ ಪೂರ್ತಿ ಕೋಡನ್ನು ತಾನೇ ಬರೆದುಕೊಂಡಿತು. ಉಳಿದವರು ಪುಟಗಟ್ಟಲೆ ಕೋಡ್ ಕುಟ್ಟಿ ತರುತ್ತಿದ್ದ ವೈದ್ಯರ ಚೌಕಗಳು ಪರದೆಯ ಮೇಲೆ ಸಾಲಾಗಿ ಮೂಡಿ ನಿಂತವು.

"ಇಷ್ಟೇನಾ?"

"ಇಷ್ಟೇ ಸರ್. ಏನು ಬೇಕು ಅಂತ ಹೇಳಿದ್ರೆ ಸಾಕು, ಕಟ್ಟೋದು ಅದೇ ನೋಡ್ಕೊಳ್ಳುತ್ತೆ."

ಮ್ಯಾನೇಜರ್ ಚಾಚಿದ ಕೈ ಹಿಂದಕ್ಕೆ ಬಂತು. ಕುರ್ಚಿಯೊಂದನ್ನು ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತರು. "ಇನ್ನೊಂದ್ಸಲ ನಿಧಾನಕ್ಕೆ ಬರಿಯಮ್ಮ, ನಾನೂ ಕಲೀತೀನಿ."