ಮಜ್ಜಿಗಿ ಗೌರವ್ವ

ಹುಣಸೆ ಮರಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಒಂದು ಊರಿತ್ತು. ಆ ಊರಿನ ಗುಡಿಯ ಗಂಟೆ ಬಾರಿಸಿದರೆ ಮಾತ್ರ ಸೂರ್ಯ ಏಳುತ್ತಿದ್ದ. ಒಂದು ದಿನ ಕಲ್ಲುರಾಕ್ಷಸನೊಬ್ಬ ಆ ಗಂಟೆಯನ್ನು ಕದ್ದೊಯ್ದು ನೆಲಮಾಳಿಗೆಯಲ್ಲಿ ಬಚ್ಚಿಟ್ಟ. ಊರಿಗೆ ಬೆಳಗೇ ಇಲ್ಲದಾಯಿತು. ಗಂಟೆ ತಂದು ಬಾರಿಸಿಯೇ ತೀರುತ್ತೇವೆಂದು ಮೂವರು ಮಾತು ಕೊಟ್ಟು ಹೊರಟರು: ಕತ್ತಿ ಹಿಡಿದ ವೀರನೊಬ್ಬ, ಮಂತ್ರವಾದಿಯೊಬ್ಬ, ಮಜ್ಜಿಗೆ ಮಾರುವ ಗೌರವ್ವ.

ಆ ಊರು ಇದ್ದದ್ದು ಬೆಳಗಾವಿಯ ನೆಹರು ನಗರದ ಒಂದು ಮನೆಯಲ್ಲಿ, ಚಾಪೆಯ ಮೇಲೆ ಹಾಸಿದ ಗ್ರಾಫ್ ಹಾಳೆಯಲ್ಲಿ. ಅದೊಂದು ದಾಳ ಉರುಳಿಸಿ ಆಡುವ ಕಥೆಯಾಟ. ಹಾಳೆ ಬರೆದವಳು ನಿಖಿತಾ, ಕಥೆ ಹೇಳುತ್ತ ರಾಕ್ಷಸರನ್ನು ಆಡಿಸುವವಳೂ ಅವಳೇ. ಊರಿನ ಮೇಲೆ ಪೆನ್ಸಿಲಿನಿಂದ ದಟ್ಟವಾಗಿ ತೀಡಿ ಕತ್ತಲೆ ಮಾಡಿದ್ದಳು. ಕತ್ತಿಯ ವೀರ ಅವಳ ಗೆಳತಿ ಸಾನಿಕಾಳ ಪಾತ್ರ, ಮಂತ್ರವಾದಿ ಗೆಳೆಯ ಅವಧೂತನದು. ಗೌರವ್ವ, ನಿಖಿತಾಳ ಅಜ್ಜಿ ಬಾಳವ್ವನ ಪಾತ್ರ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಖಾನಾಪುರದಿಂದ ಬಂದಿದ್ದ ಅಜ್ಜಿ, ಕಪ್ಪು ಕನ್ನಡಕ ಹಾಕಿಕೊಂಡೇ ಮೂರು ಭಾನುವಾರ ಆಡಿದ್ದಳು. "ಕತ್ತಿ ಬ್ಯಾಡ, ಕಡಗೋಲು ಕೊಡು," ಎಂದು ಮೊದಲ ದಿನವೇ ಆಯುಧ ಆರಿಸಿಕೊಂಡಿದ್ದಳು. ನಾಳೆ ಅವಳು ಊರಿಗೆ ಹೊರಡುವವಳು.

ಆಟದ ಕಟ್ಟಳೆ ಹಳೆಯದು, ಕಠಿಣವಾದದ್ದು. ದಾಳ ಎಲ್ಲರ ಕಣ್ಣೆದುರಿಗೇ ಬೀಳಬೇಕು. ಸತ್ತ ಪಾತ್ರ ಮರಳಿ ಬರುವುದಿಲ್ಲ. ಸತ್ತವರ ಹೆಸರನ್ನು ಕುಂದ ಸಿಹಿತಿಂಡಿಯ ಡಬ್ಬಿಯ ಮುಚ್ಚಳದ ಮೇಲೆ ಬರೆಯುತ್ತಿದ್ದರು. ಆಗಲೇ ಹನ್ನೊಂದು ಹೆಸರಾಗಿದ್ದವು, ಏಳು ಅವಧೂತನವೇ.

ಇಂದು ಗಂಟೆಯೇನೋ ಕೈಗೆ ಸಿಕ್ಕಿತ್ತು. ಆದರೆ ರಾಕ್ಷಸ ಬೆನ್ನು ಹತ್ತಿದ್ದ. ಎದುರಿಗೆ ಒಬ್ಬರೇ ನುಸುಳುವಷ್ಟು ಇಕ್ಕಟ್ಟಾದ ಬಾಗಿಲು.

"ನೀವು ಗಂಟಿ ತಗೊಂಡು ನಡೀರಿ," ಎಂದಳು ಅಜ್ಜಿ. "ಬಾಗಲದಾಗ ನಾ ನಿಂದರತೀನಿ."

"ಅಜ್ಜಿ, ನಿಮ್ಮ ಜೀವದ ಅಂಕ ಉಳದಿದ್ದು ಬರೇ ಮೂರು," ಎಂದ ಅವಧೂತ. "ಅಂವ ಒಂದ ಏಟು ಹಾಕಿದ್ರ ಖಲಾಸ್."

"ಏಳು ಸಲ ಸತ್ತಾವ ನನಗ ಬುದ್ಧಿ ಹೇಳಾಕ ಬಂದಿಯೇನ? ಗಂಟಿ ಹೊತ್ಕೊಂಡು ನಡಿಯಪ್ಪಾ."

ನಿಖಿತಾ ರಾಕ್ಷಸನ ಪರವಾಗಿ ಇಪ್ಪತ್ತು ಮುಖದ ದಾಳ ಉರುಳಿಸಿದಳು. ಹನ್ನೆರಡು ದಾಟಿದರೆ ಪೆಟ್ಟು ಬಿದ್ದಂತೆ. ಬಿದ್ದದ್ದು ಹದಿನೇಳು. ನಾಳೆ ಅಜ್ಜಿ ಒಂದು ಸಾವನ್ನು ಸೆರಗಿಗೆ ಕಟ್ಟಿಕೊಂಡು ಊರಿಗೆ ಹೋಗುವುದೇ? ನಿಖಿತಾಳ ಅಂಗೈ ತಾನಾಗಿಯೇ ದಾಳವನ್ನು ಮುಚ್ಚಿತು.

"ನಾಕು! ಏಟು ತಪ್ಪಿತು!"

ಅಂಕಿ ನೋಡಿದ್ದ ಸಾನಿಕಾ ಒಮ್ಮೆಲೇ ಶೇಂಗಾ ಸುಲಿಯುವುದರಲ್ಲಿ ಮಗ್ನಳಾದಳು. ಅಜ್ಜಿ ಕಪ್ಪು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಳು.

"ಕೈ ತಗಿ."

"ಅಜ್ಜಿ, ಕನ್ನಡಕ ಸರಿಸಬ್ಯಾಡ ಅಂದಾರ ಡಾಕ್ಟರು."

"ಅದ ಡಾಕ್ಟರು ಹೊಸಾ ಲೆನ್ಸೂ ಹಾಕ್ಯಾರ. ಹದಿನೇಳು ಬಿದ್ದದ್ದು ಇಲ್ಲಿಂದನ ಕಂಡೈತಿ. ಚೌಕಾಬಾರ ಆಡುವಾಗ ಕವಡಿ ಮುಚ್ಚಿದವರನ್ನ ನಾವು ಕಟ್ಟಿ ಮ್ಯಾಲಿಂದ ಎಬ್ಬಿಸಿ ಕಳಸತಿದ್ವಿ, ತಿಳೀತ?"

ನಿಖಿತಾ ಕೈ ತೆಗೆದಳು. "ನಿನ್ನ ಕಥಿಯೊಳಗ ಯಾರೂ ಸಾಯತಿದ್ದಿಲ್ಲಲ್ಲ. ರಾಜಕುಮಾರ ಸತ್ತರೂ ಗಿಣಿ ಬೇರು ತಂದು ಎಬ್ಬಸತಿತ್ತು."

"ಎಲ್ಲೀ ಗಿಣಿ? ನೀ ಅಳತಿದ್ದಿ, ಬಾಯಾಗಿನ ತುತ್ತು ನುಂಗತಿದ್ದಿಲ್ಲ. ಅದಕ್ಕ ಗಿಣಿ ಕರೀತಿದ್ದೆ. ನಮ್ಮವ್ವ ಹೇಳಿದ ಕಥಿಯೊಳಗ ಆ ಹುಡುಗ ಖರೇನ ಸತ್ತಿದ್ದ." ಅಜ್ಜಿ ಕೈ ಚಾಚಿದಳು. "ನಾ ಈಗ ಅಳಾಕತ್ತೀನೇನ? ಪೆಟ್ಟಿನ ದಾಳ ಇಲ್ಲೆ ತಾ, ನಾನ ಹಾಕತೀನಿ. ಸಾಯಂಗಿಲ್ಲಂತ ಗೊತ್ತಿದ್ರ ಆ ಬಾಗಲದಾಗ ಯಾರ ಬೇಕಾದ್ರೂ ನಿಂದರತಾರ."

ಎಷ್ಟು ಅಂಕ ಹೋಯಿತೆಂದು ಹೇಳುವ ಪೆಟ್ಟಿನ ದಾಳಕ್ಕೆ ಆರೇ ಮುಖ. ಒಂದೋ ಎರಡೋ ಬಿದ್ದರೆ ಗೌರವ್ವ ಉಳಿದಾಳು. ಅಜ್ಜಿ ಎರಡೂ ಅಂಗೈ ಕೂಡಿಸಿ, ಕವಡೆ ಕುಲುಕಿದ ಹಾಗೆ ಕುಲುಕಿ, ಉಫ್ ಎಂದು ಊದಿ ಎಸೆದಳು. ದಾಳ ಶೇಂಗಾ ಬುಟ್ಟಿಗೆ ಬಡಿದು, ಒಂಟಿಗಾಲಲ್ಲಿ ಗಿರಕಿ ಹೊಡೆದು ನಿಂತಿತು.

ನಾಲ್ಕು.

ನಿಖಿತಾ ಕಣ್ಣು ಮುಚ್ಚಿದಳು. ಬಾಯಿಂದ ಬಂದದ್ದು ಅವಳ ದನಿಯಲ್ಲ, ಕೈತುತ್ತಿನ ಕಾಲದ ಅಜ್ಜಿಯ ದನಿ. "ಗೌರವ್ವ ಬಿದ್ದಳು. ಬಿದ್ದದ್ದು ಬಾಗಿಲಿಗೆ ಅಡ್ಡವಾಗಿ. ಕಡಗೋಲು ಮಾತ್ರ ಕೈ ಬಿಟ್ಟಿರಲಿಲ್ಲ. ಅವಳನ್ನು ದಾಟಲು ರಾಕ್ಷಸನಿಗೆ ಒಂದು ಸರದಿ ಬೇಕು."

ಗೆಳೆಯರಿಬ್ಬರೂ ಅಜ್ಜಿಯ ಮುಖವನ್ನೇ ನೋಡಿದರು. ಅವಧೂತನ ಕಣ್ಣು ತುಂಬಿದ್ದವು.

"ಮಾರಿ ಏನ್ ನೋಡಾಕತ್ತೀರಿ?" ಅಜ್ಜಿ ಚಾಪೆ ಬಡಿದಳು. "ಸತ್ತಾಕಿ ನಾ! ಓಡ್ರಿ!"

"ಓಡಿದ್ವಿ! ಓಡಿದ್ವಿ!" ಇಬ್ಬರೂ ಒಟ್ಟಿಗೇ ಕೂಗಿದರು. ದಾಳಗಳು ಉರುಳಿದವು. ವೀರ ಮುಗ್ಗರಿಸಿದ, ಮಂತ್ರವಾದಿ ಅವನ ಕಾಲರ್ ಹಿಡಿದು ಎಳೆದ, ಸಾನಿಕಾ ಕಿರುಚಿದಳು, ಶೇಂಗಾ ಬುಟ್ಟಿ ಬೋರಲಾಯಿತು. ಆ ಗದ್ದಲದ ನಡುವೆ ಅಜ್ಜಿ ಕುಂದದ ಡಬ್ಬಿಯ ಮುಚ್ಚಳ ಎಳೆದುಕೊಂಡು, ಯಾರನ್ನೂ ಕೇಳದೆ, ಹೊಸ ಕಣ್ಣಿನಿಂದ ಸಣ್ಣ ದುಂಡಕ್ಷರದಲ್ಲಿ ಹನ್ನೆರಡನೆಯ ಹೆಸರು ಬರೆದಳು: 'ಮಜ್ಜಿಗಿ ಗೌರವ್ವ'.

"ಗುಡಿ ಮುಟ್ಟಿದ್ವಿ!" ಅವಧೂತ ಎದ್ದು ಕುಣಿದ. "ಅಜ್ಜಿ, ಗಂಟಿ ಕಟ್ಟಿದ್ವಿ! ಎಷ್ಟ ಸಲ ಬಾರಸೂಣು?"

"ನಾ ಎಷ್ಟಕ್ಕ ಸತ್ತೆ?"

"ನಾಕಕ್ಕ."

"ಹಂಗಾರ ನಾಕು."

ಸಾನಿಕಾ ಸ್ಟೀಲ್ ಲೋಟ ಬೋರಲು ಹಾಕಿ ಚಮಚದಿಂದ ಹೊಡೆಯತೊಡಗಿದಳು. ಒಂದು. ಎರಡು. ಮೂರು. ನಿಖಿತಾ ರಬ್ಬರನ್ನು ಅಜ್ಜಿಯ ಕೈಗಿಟ್ಟಳು. ನಾಲ್ಕನೆಯ ಏಟಿಗೆ ಅಜ್ಜಿ ಕಪ್ಪು ಕನ್ನಡಕ ಏರಿಸಿಕೊಂಡು, ಹಾಳೆಯ ಮೇಲೆ ಬಾಗಿ, ಊರಿನ ಮೇಲಿದ್ದ ಕತ್ತಲೆಯನ್ನೆಲ್ಲ ಗಸಗಸ ತಿಕ್ಕಿ ಅಳಿಸಿದಳು.