ಬಿಳಿ ಗುಂಡಿ

ಮಗಳು ಅಂಗಿಯ ಒಂದು ತೋಳಿನ ಹೊಲಿಗೆ ಬಿಚ್ಚುತ್ತಿದ್ದಳು. ಮೂವತ್ತು ವರ್ಷ ಪಳಗಿದ ದರ್ಜಿ ಅಪ್ಪ, ಎರಡೂ ಕಡೆಗೆ ಎಡತೋಳನ್ನೇ ಹೊಲಿದಿಟ್ಟಿದ್ದರು.

ಬಿಪಿ ಏರುತ್ತಲೇ ಇದ್ದರೆ ಮಿದುಳಿನ ಸಣ್ಣ ರಕ್ತನಾಳಗಳ ಒಳಪದರ ಸಡಿಲವಾಗಿ, ಬೇಡದ್ದೆಲ್ಲ ಒಳಗೆ ಸೋರಿ, ಬುದ್ಧಿ ಮಸುಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. “ಲೈನಿಂಗ್ ಹರಿಯೋ ಕಥೇನ ದರ್ಜಿಗೇ ಹೇಳ್ತಾರಲ್ಲ,” ಎಂದು ಅಪ್ಪ ನಕ್ಕಿದ್ದರು. ಮಾತ್ರೆಯ ವಿಷಯ ಎತ್ತಿದರೆ, “ನಿಮ್ಮಮ್ಮನಿಗಿಂತ ಜೋರು ನೀನು,” ಎನ್ನುತ್ತಿದ್ದರು.

ಗುಂಡಿಗಾಗಿ ಅವಳು ಡಬ್ಬಿ ತೆರೆದಳು. ಬಿಳಿ ಗುಂಡಿಗಳ ನಡುವೆ, ದಿನಕ್ಕೊಂದರಂತೆ ಅಪ್ಪ ನುಂಗದೆ ಹಾಕಿದ್ದ ಮಾತ್ರೆಗಳಿದ್ದವು.

ಒಂದನ್ನು ಆರಿಸಿ, ನೀರಿನ ಲೋಟದ ಜೊತೆ ಮುಂದಿಟ್ಟಳು. “ನನ್ನೆದುರಿಗೇ ತಗೊಳ್ಳಿ ಅಪ್ಪ.”

ಅಪ್ಪ ಮಾತ್ರೆಯನ್ನು ಬೆಳಕಿಗೆ ಹಿಡಿದು, ಸೂಜಿಯ ಮೊನೆಯಿಂದ ಸುತ್ತಲೂ ತಡವಿ ನೋಡಿದರು.

“ಇದಕ್ಕೆ ತೂತೇ ಇಲ್ವಲ್ಲಮ್ಮ. ಬೇರೆ ಗುಂಡಿ ಕೊಡು.”