ದಿಂಬಿನೊಳಗಿನ ಸದ್ದು

ತೆರಿಗೆ ಕಚೇರಿಯ ಕೌಂಟರಿನ ಮೇಲೆ ಅವನು ಒಂದು ದಿಂಬನ್ನು ಇಟ್ಟ. ಸೋಫಾಕ್ಕೆ ಒರಗಿಸುವಂಥ, ದಪ್ಪ ಬಟ್ಟೆಯ ಚೌಕದ ದಿಂಬು. ಆಚೆ ಕೂತಿದ್ದ ಮೇಡಂ ದಿಂಬನ್ನು ನೋಡಿದರು, ಅವನನ್ನು ನೋಡಿದರು.

"ಇದೇನ್ರೀ? ಮಲಗೋಕೆ ಬಂದಿದೀರಾ?"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಜೊತೆಗೆ ಬಂದಿದ್ದ ಅಕ್ಕ ತಿರುಗಿ ಒಂದು ನೋಟ ಬಿಟ್ಟಳು; ನಗು ಅಲ್ಲೇ ಸತ್ತಿತು.

"ನೀವು ಕಳಿಸಿದ ನೋಟೀಸುಗಳು ಮೇಡಂ. ಎಲ್ಲಾ ಇದರೊಳಗಿವೆ. ಒಂದನ್ನೂ ಒಡೆದು ನೋಡಿಲ್ಲ, ಹಾಗೇ ಹೊಲಿದುಬಿಟ್ಟಿದಾನೆ."

ಕುಶನ್ ಅಂಗಡಿಯವನು ಇನ್ನೇನು ಮಾಡಿಯಾನು? ಬೇರೆಯವರಾಗಿದ್ದರೆ ಕಪಾಟಿನ ಮೂಲೆಗೆ ತುರುಕುತ್ತಿದ್ದರು. ಮೊದಲ ಲಕೋಟೆ ಬಂದಾಗ ಇವನ ಕೈಯಲ್ಲಿ ಅರ್ಧ ಹೊಲಿದ ದಿಂಬಿತ್ತು; ಸ್ಪಂಜಿನ ಪಕ್ಕಕ್ಕೆ ತಳ್ಳಿದ. ಆಮೇಲೆ ಬಂದದ್ದೆಲ್ಲ ಅದೇ ಬಾಯಿಂದ ಒಳಗೆ ಹೋಯಿತು. ಕೆಂಪು ಅಕ್ಷರದ ಲಕೋಟೆ ಬಂದ ದಿನ ಆ ಬಾಯಿಗೂ ಜೋಡಿ ಹೊಲಿಗೆ ಹಾಕಿ, ಅಂಗಡಿಯ ಬಾಗಿಲೆಳೆದುಕೊಂಡ. ಗಿರಾಕಿಗಳ ಕುರ್ಚಿಗಳು ಹೊಟ್ಟೆ ಬಗೆಸಿಕೊಂಡು ಒಂದರ ಮೇಲೊಂದು ಬಿದ್ದಿದ್ದವು. ಸ್ನಾನವಿಲ್ಲ; ಊಟ ನೆನಪಾದರೆ ಉಂಟು. ಹೊರಗೆ ಯಾರ ಸೈಕಲ್ ನಿಂತರೂ ಅಂಚೆಯವನೇ ಎಂದು ದೀಪ ಆರಿಸುತ್ತಿದ್ದ. ಅದೇ ದಿಂಬಿಗೆ ತಲೆ ಕೊಟ್ಟರೆ ಒಳಗಿಂದ ಕಾಗದದ ಪರಪರ ಸದ್ದು. ಹೊರಳಿದರೆ ಸದ್ದು, ಕೆಮ್ಮಿದರೆ ಸದ್ದು. ನಿದ್ದೆ ಎಲ್ಲಿಂದ ಬರಬೇಕು?

ಸೋಮಾರಿ, ದಂಡಪಿಂಡ ಎಂದು ಅಕ್ಕ ಬಾಯಿಗೆ ಬಂದಂತೆ ಬೈದಿದ್ದಳು. "ಇದು ಸೋಮಾರಿತನ ಅಲ್ಲಮ್ಮ, ಕಾಯಿಲೆ" ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟ ಮೇಲೆ ಬಾಯಿ ಮುಚ್ಚಿದಳು. "ಬಿಚ್ಚೋದು ಬೇಡಪ್ಪ, ಕಚೇರಿವರೆಗೆ ಹೊತ್ಕೊಂಡು ಹೋಗು, ಸದ್ಯಕ್ಕೆ ಅಷ್ಟು ಸಾಕು" ಎಂದಿದ್ದರು ಅವರು. ಹೊತ್ತು ತಂದಿದ್ದ. ಈಗ ಕಾಲುಗಳು ಬಾಗಿಲ ಕಡೆಗೆ ಎಳೆಯುತ್ತಿದ್ದವು. ಜಪ್ತಿಯವರು ಆಗಲೇ ಒಂದು ಸಲ ಬಂದು ಬಾಗಿಲು ಬಡಿದು ಹೋಗಿದ್ದರು. ಇವತ್ತು ಹಿಂದಿರುಗಿ ಓಡಿದರೆ ಅಂಗಡಿಗೆ ಬೀಗ ಖಂಡಿತ, ಹೊಲಿಗೆ ಯಂತ್ರ ಹರಾಜಿಗೆ ಹೋಗುವುದೂ ಖಂಡಿತ. ಗೊತ್ತಿದ್ದರೇನು, ಕಾಲು ಕೇಳಬೇಕಲ್ಲ.

ಮೇಡಂ ಡ್ರಾಯರಿನಿಂದ ಕತ್ತರಿ ತೆಗೆದು, ದಿಂಬಿನ ನಟ್ಟನಡು ಹೊಟ್ಟೆಗೆ ಗುರಿಯಿಟ್ಟರು.

"ಏ ಏ, ತಡೀರಿ!"

ಇಡೀ ಕಚೇರಿ ತಿರುಗಿ ನೋಡಿತು. ಅಕ್ಕನೂ ಬೆಚ್ಚಿದಳು. ತಮ್ಮನ ಆ ದನಿ ಕೇಳಿ ಎಷ್ಟು ಕಾಲವಾಗಿತ್ತು!

"ಬಟ್ಟೆಗೇ ಕತ್ತರಿ ಹಾಕ್ತಾರೇನ್ರೀ? ಹೊಲಿಗೆ ಇರೋದ್ಯಾಕೆ ಮತ್ತೆ? ಕೊಡಿ ಇಲ್ಲಿ."

ಜೇಬಿನಲ್ಲಿ ಕಾಗದ ಸುತ್ತಿಟ್ಟಿದ್ದ ಅರ್ಧ ಬ್ಲೇಡು ಹೊರಬಂತು. ಅಂಚು ಹಿಡಿದು, ಹೆಬ್ಬೆರಳು ಒತ್ತಿ ಎಳೆದ. ಬಟ್ಟೆಗೆ ಒಂದು ಗೀರೂ ಬೀಳದೆ ಜೋಡಿ ಹೊಲಿಗೆ ಸರ್ರನೆ ಬಿಚ್ಚಿಕೊಂಡು, ಲಕೋಟೆಗಳು ಕೌಂಟರಿನ ತುಂಬ ಸುರಿದವು. ತಾನು ಬಿಚ್ಚಿದ್ದೇನು ಎಂಬುದು ಆಗ ಹೊಳೆಯಿತು ನೋಡಿ, ಬಾಗಿಲ ಕಡೆಗೆ ಒಂದು ಹೆಜ್ಜೆ ಸರಿದ. ಅಕ್ಕ ಅವನ ತೋಳು ಹಿಡಿದುಕೊಂಡಳು. ಸಾಂತ್ವನಕ್ಕೋ, ಓಡದಿರಲಿ ಎಂದೋ.

ಮೇಡಂ ಒಂದೊಂದೇ ಒಡೆದು ಜೋಡಿಸಿದರು. "ಇದು ಅದೇ... ಇದೂ ಅದೇ... ನೋಡಿ, ಮೊದಲನೇದು ಲೆಕ್ಕ ಕೊಡಿ ಅಂತ. ನೀವು ಕೊಡಲಿಲ್ಲ, ನಾವೇ ಒಂದು ಅಂದಾಜು ಹಾಕಿದ್ವಿ. ಮಿಕ್ಕಿದ್ದೆಲ್ಲ ಅದರ ಬಡ್ಡಿ, ದಂಡ."

ಮೊತ್ತ ನೋಡಿ ಅವನು ಹಾಳೆಯನ್ನು ದೂರ ತಳ್ಳಿದ. "ಇಷ್ಟು ದುಡ್ಡನ್ನ ನಾನು ಕನಸಲ್ಲೂ ಕಂಡಿಲ್ಲ ಮೇಡಂ."

"ಕಂಡಿರಲ್ಲ. ನಿಮ್ಮ ಬೀದೀಲಿ ದೊಡ್ಡ ಸೋಫಾ ಶೋರೂಮ್ ಇದೆಯಲ್ಲ, ಅದನ್ನ ನೋಡಿ ಯಾರೋ ನಿಮಗೂ ಅಷ್ಟೇ ಹಾಕಿಬಿಟ್ಟಿದಾರೆ. ನಿಜವಾದ ಲೆಕ್ಕ ಕೊಡಿ, ಮುಕ್ಕಾಲು ಪಾಲು ಬಿದ್ದುಹೋಗುತ್ತೆ. ಉಳಿದದ್ದು ಕಂತಲ್ಲಿ ಕಟ್ಟಿ. ದಂಡ ಕಡಿಮೆ ಮಾಡಿ ಅಂತ ಡಾಕ್ಟರ ಚೀಟಿ ಇಟ್ಟು ಅರ್ಜಿ ಹಾಕಿ. ಅಲ್ಲೀವರೆಗೆ ಜಪ್ತಿ ಬೇಡ ಅಂತ ಬರೀತೀನಿ."

ಅವನು ಕೌಂಟರಿನ ಅಂಚು ಹಿಡಿದುಕೊಂಡ. ಅಕ್ಕನಿಗೆ ಮಾತ್ರ ತಡೆಯಲಾಗಲಿಲ್ಲ.

"ಇಷ್ಟು ಹೇಳೋಕೆ ಇಷ್ಟು ಕಾಗದ ಬೇಕಿತ್ತಾ? 'ಬಂದು ಮಾತಾಡಪ್ಪಾ, ದಾರಿ ಇದೆ' ಅಂತ ಮನುಷ್ಯರ ಭಾಷೇಲಿ ಒಂದು ಸಾಲು ಬರೆದಿದ್ರೆ ನನ್ನ ತಮ್ಮ ಹಿಂಗೆ ಒಣಗ್ತಿದ್ನಾ?"

"ಬರೆದಿದೆಯಮ್ಮ." ಮೇಡಂ ಹಾಳೆಯನ್ನು ಮಗುಚಿದರು. "ಹಿಂದುಗಡೆ. ಸಣ್ಣಕ್ಷರದಲ್ಲಿ."

"ಹೆದರಿಸೋದಕ್ಕೆ ಕೆಂಪಕ್ಷರ, ದಾರಿ ತೋರಿಸೋದಕ್ಕೆ ಸಣ್ಣಕ್ಷರ. ಭೇಷ್!"

ಮೇಡಂ ಕತ್ತರಿಯನ್ನು ಡ್ರಾಯರಿಗೆ ಹಾಕಿ, ಜಪ್ತಿ ತಡೆಯುವ ಚೀಟಿಗೆ ಸೀಲು ಒತ್ತಿದರು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಅವನು ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬಿಚ್ಚಿದ ಬಾಯಿಂದ ಸ್ಪಂಜು ಇಣುಕುತ್ತಿತ್ತು.

"ಹೊಲಿಯಲ್ವೇನೋ?"

"ಬೇಡಕ್ಕ. ಜಿಪ್ ಹಾಕ್ತೀನಿ."

ಅಕ್ಕ ನಕ್ಕುಬಿಟ್ಟಳು. ದಿಂಬಿಗೆ ಜಿಪ್ ಹಾಕುವುದು ಕೈಕಸುಬು ಬಾರದವರ ಕಳ್ಳದಾರಿ ಎಂದು ಊರೆಲ್ಲ ಜಗಳಾಡಿದ್ದ ಪುಣ್ಯಾತ್ಮ ಇವನೇ.

ಅವನು ದಿಂಬನ್ನು ಅಕ್ಕನ ಭುಜಕ್ಕೆ ಒತ್ತಿ ಕಿವಿಯಿಟ್ಟ. ಒಳಗಿಂದ ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಒತ್ತಿ ನೋಡಿದ. ಆಮೇಲೆ ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತ ಮಲಗಿಬಿಟ್ಟ.

ಬಸ್ಸು ಬಂತು. ಕಂಡಕ್ಟರು ಬಾಗಿಲಿಗೆ ಬಡಿದು ಕೂಗಿದ. ಅಕ್ಕ ತುಟಿಗೆ ಬೆರಳಿಟ್ಟು, ಇನ್ನೊಂದು ಕೈಯಿಂದ ಬಸ್ಸನ್ನೇ ಮುಂದಕ್ಕೆ ಕಳಿಸಿದಳು.